ಬಯೋರಿಯಾಕ್ಟರಿನಲ್ಲಿ ಕೋಶಗಳು ಸಾಯುವ ಜಾಗ: ಒಂದು ಪ್ರಕರಣ ಅಧ್ಯಯನ

1980ರ ದಶಕದಲ್ಲಿ ಪ್ರಾಣಿಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಹೊರಟವರಿಗೆ ಒಂದೇ ತೊಡಕು ಮತ್ತೆ ಮತ್ತೆ ಎದುರಾಯಿತು. ಫ್ಲಾಸ್ಕಿನಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ಹೈಬ್ರಿಡೋಮ ಕೋಶಗಳನ್ನು ಅಲಗು ತಿರುಗುವ, ತಳದಿಂದ ಗಾಳಿ ಊದುವ ಟ್ಯಾಂಕಿಗೆ, ಅಂದರೆ ಬಯೋರಿಯಾಕ್ಟರಿಗೆ, ಹಾಕಿದರೆ ಬೆಳವಣಿಗೆ ಕುಗ್ಗುತ್ತಿತ್ತು. ಅಲಗಿನ ವೇಗ ಏರಿಸಿದರೆ ಕೋಶಗಳು ಸಾಯುತ್ತಿದ್ದವು. ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸ್ರವಿಸುವ ಈ ಕೋಶಗಳನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿಕೊಟ್ಟಿದ್ದರು. ಅವುಗಳಿಂದ ಔಷಧಿ ಮಾಡಬೇಕಾದರೆ ಮಿಲಿಗ್ರಾಂ ಸಾಲದು, ಕಿಲೋಗಟ್ಟಲೆ ಪ್ರೋಟೀನ್ ಬೇಕು. ಅಷ್ಟು ಪ್ರೋಟೀನ್ ಬೇಕೆಂದರೆ ಸಾವಿರಾರು ಲೀಟರಿನ ಟ್ಯಾಂಕು ಬೇಕೇ ಬೇಕು. ಹಾಗಾಗಿ ಟ್ಯಾಂಕಿನೊಳಗೆ ಕೋಶಗಳನ್ನು ಕೊಲ್ಲುತ್ತಿರುವುದು ಏನು ಎಂಬ ಪ್ರಶ್ನೆ ಒಂದು ಇಡೀ ಉದ್ಯಮದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಹತ್ತು ಹನ್ನೆರಡು ವರ್ಷಗಳಲ್ಲಿ ಉತ್ತರ ಸಿಕ್ಕಿತು. ಆ ಉತ್ತರ ಮೊದಲು ಎಲ್ಲರೂ ಬೆರಳು ತೋರಿಸಿದ ಕಡೆ ಇರಲಿಲ್ಲ. ದ್ರವದ ಹರಿವನ್ನು ಸರಾಸರಿ ಅಂಕಿಗಳಲ್ಲಿ ಅಳೆಯುವ ಅಭ್ಯಾಸ ನಮ್ಮನ್ನು ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗಾಳಿ ಏಕೆ ಊದಲೇಬೇಕು

ಮೊದಲು ಆಮ್ಲಜನಕದ ಲೆಕ್ಕ ನೋಡೋಣ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿಯುವಷ್ಟೂ ಗಾಳಿ ಹೀರಿಕೊಂಡ ನೀರಿನಲ್ಲಿ ಲೀಟರಿಗೆ ಸುಮಾರು 0.2 ಮಿಲಿಮೋಲ್ ಆಮ್ಲಜನಕ ಮಾತ್ರ ಕರಗಿರುತ್ತದೆ. ಒಂದು ಸಸ್ತನಿ ಕೋಶ ಗಂಟೆಗೆ ಸುಮಾರು 0.3 ಪೈಕೋಮೋಲ್ (ಪೈಕೋಮೋಲ್ ಎಂದರೆ ಮಿಲಿಮೋಲಿನ ನೂರು ಕೋಟಿಯಲ್ಲೊಂದು ಪಾಲು) ಬಳಸುತ್ತದೆ ಎಂದು ಹಿಡಿದರೆ, ಮಿಲಿಲೀಟರಿಗೆ ಒಂದು ಕೋಟಿ ಕೋಶಗಳಿರುವ ಕೋಶಕೃಷಿಗೆ ಲೀಟರಿಗೆ ಗಂಟೆಗೆ 3 ಮಿಲಿಮೋಲ್ ಬೇಕು. ಅಂದರೆ ಕರಗಿದ ದಾಸ್ತಾನು ನಾಲ್ಕೇ ನಿಮಿಷದಲ್ಲಿ ಖಾಲಿ. ಸಣ್ಣ ಪಾತ್ರೆಯಲ್ಲಿ ಮೇಲ್ಮೈಯಿಂದ ಇಳಿಯುವ ಆಮ್ಲಜನಕವೇ ಒಂದಿಷ್ಟು ಸಾಕಾಗುತ್ತದೆ. ಪಾತ್ರೆ ದೊಡ್ಡದಾದಂತೆ ಗಾತ್ರದ ಪಾಲಿಗೆ ಮೇಲ್ಮೈ ಕಡಿಮೆಯಾಗುತ್ತ ಹೋಗುವುದರಿಂದ ತಳದಲ್ಲಿ ಸ್ಪಾರ್ಜರ್ ಎಂಬ ತೂತುಗಳ ಕೊಳವೆ ಇಟ್ಟು ಗುಳ್ಳೆ ಬಿಡದೆ ಗತ್ಯಂತರವಿಲ್ಲ. ಗುಳ್ಳೆಗಳು ಎಲ್ಲೆಡೆ ಹರಡಬೇಕು, ಕೋಶಗಳು ತಳ ಸೇರಬಾರದು, ಆಮ್ಲತೆ ಹದಕ್ಕೆ ತರಲು ಸೇರಿಸಿದ ಕ್ಷಾರ ಕೂಡಲೇ ಬೆರೆಯಬೇಕು. ಇದಕ್ಕೆಲ್ಲ ಇಂಪೆಲ್ಲರ್, ಅಂದರೆ ಅಲಗುಗಳಿರುವ ಕಲಕುವ ಚಕ್ರ, ತಿರುಗಬೇಕು.

ಹೀಗೆ ಟ್ಯಾಂಕಿನಲ್ಲಿ ಎರಡು ಸಂಗತಿಗಳು ಸದಾ ಜೊತೆಜೊತೆಯಾಗಿ ನಡೆಯುತ್ತವೆ: ಕಲಕುವಿಕೆ ಮತ್ತು ಗುಳ್ಳೆ. ಕೋಶ ಸತ್ತಾಗ ಯಾವುದರಿಂದ ಸತ್ತಿತು ಎಂದು ಹೇಳುವುದು ಕಷ್ಟವಾದದ್ದು ಇದೇ ಕಾರಣಕ್ಕೆ.

ಶಂಕೆ ಅಲಗಿನ ಮೇಲೆ ಬಿತ್ತು

ಅಕ್ಕಪಕ್ಕದ ದ್ರವಪದರಗಳು ಬೇರೆ ಬೇರೆ ವೇಗದಲ್ಲಿ ಜಾರುವಾಗ ನಡುವೆ ಸಿಕ್ಕ ವಸ್ತುವಿನ ಮೇಲೆ ಎಳೆತ ಬೀಳುತ್ತದೆ. ಚದರ ಮೀಟರಿಗೆ ಇಂತಿಷ್ಟು ಬಲ ಎಂದು ಅಳೆಯುವ ಈ ಎಳೆತವೇ ಶಿಯರ್ ಒತ್ತಡ. ಬ್ಯಾಕ್ಟೀರಿಯಾಕ್ಕೆ ಗಟ್ಟಿಯಾದ ಕೋಶಭಿತ್ತಿಯಿದೆ, ಗಾತ್ರವೂ ಒಂದೆರಡು ಮೈಕ್ರೋಮೀಟರ್ ಅಷ್ಟೆ. ಸಸ್ತನಿ ಕೋಶ ಅದರ ಹತ್ತು ಪಟ್ಟು ಅಗಲ, ಹೊದಿಕೆಯೋ ತೆಳ್ಳನೆಯ ಪೊರೆ ಮಾತ್ರ. ರಭಸವಾಗಿ ತಿರುಗುವ ಉಕ್ಕಿನ ಅಲಗಿನ ಪಕ್ಕದಲ್ಲಿ ಅದು ಹರಿದುಹೋಗುತ್ತದೆ ಎಂದುಕೊಳ್ಳುವುದು ಸಹಜ.

ಈ ಊಹೆಗೆ ಆಧಾರಗಳೂ ಇದ್ದವು. 1971ರಲ್ಲೇ ಆಗೆನ್‌ಸ್ಟೈನ್, ಸಿನ್ಸ್ಕಿ ಮತ್ತು ವಾಂಗ್ ಪ್ರಾಣಿಕೋಶಗಳನ್ನು ಸಣ್ಣ ಕೊಳವೆಗಳ ಮೂಲಕ ರಭಸದಿಂದ ಹಾಯಿಸಿ, ಶಿಯರ್ ಹೆಚ್ಚಿದಂತೆ ಸಾವೂ ಹೆಚ್ಚುವುದನ್ನು ತೋರಿಸಿದ್ದರು. 1980ರ ದಶಕದ ನಡುವಿನಲ್ಲಿ ಕ್ರೂಗನ್ ಮತ್ತು ವಾಂಗ್ ಅವರ ತಂಡ, ಹಾಗೆಯೇ ಚೆರ್ರಿ ಮತ್ತು ಪಾಪೌಟ್ಸಾಕಿಸ್, ಮೈಕ್ರೋಕ್ಯಾರಿಯರ್ ಎಂಬ ಪುಟ್ಟ ಮಣಿಗಳ ಮೇಲೆ ಅಂಟಿ ಬೆಳೆಯುವ ಕೋಶಗಳಿಗೆ ಕಲಕುವಿಕೆಯಿಂದ ನಿಜಕ್ಕೂ ಹಾನಿಯಾಗುತ್ತದೆಂದು ಗಟ್ಟಿ ಪುರಾವೆ ಕೊಟ್ಟರು. ಆ ತೀರ್ಮಾನ ಸರಿಯಾಗಿಯೇ ಇತ್ತು. ತೊಂದರೆಯಾದದ್ದು ಅದನ್ನು ಮಣಿಯಿಲ್ಲದೆ ದ್ರವದಲ್ಲಿ ಒಂಟಿಯಾಗಿ ತೇಲುವ ಕೋಶಗಳಿಗೂ ಹಾಗೆಯೇ ಅನ್ವಯಿಸಿದಾಗ.

ಪರಿಣಾಮ ವಿನ್ಯಾಸದ ಮೇಲೆ ಬಿತ್ತು. ಇಂಪೆಲ್ಲರಿನ ವೇಗ ಇಳಿಸಿದರು, ಅಲಗಿನ ಆಕಾರ ಬದಲಿಸಿದರು, ಅಲಗೇ ಬೇಡವೆಂದು ಏರ್‌ಲಿಫ್ಟ್ ರಿಯಾಕ್ಟರ್, ಟೊಳ್ಳುನಾರಿನ ರಿಯಾಕ್ಟರ್, ಸಿಲಿಕೋನ್ ಕೊಳವೆಯಿಂದ ಆಮ್ಲಜನಕ ಕೊಡುವ ಏರ್ಪಾಟು ಎಂದೆಲ್ಲ ಹುಡುಕಿದರು.

ಲೆಕ್ಕ ಹೊಂದಲಿಲ್ಲ

ಈ ಲೆಕ್ಕವನ್ನು ಯಾರು ಬೇಕಾದರೂ ಹಾಳೆಯ ಮೇಲೆ ಮಾಡಿ ನೋಡಬಹುದು. ಪ್ರಾಣಿಕೋಶದ ಟ್ಯಾಂಕಿನಲ್ಲಿ ಇಂಪೆಲ್ಲರ್ ದ್ರವಕ್ಕೆ ಕೊಡುವ ಶಕ್ತಿ ಘನಮೀಟರಿಗೆ 20 ವಾಟ್ ಎಂದಿಟ್ಟುಕೊಳ್ಳಿ. ಅಂದರೆ ಕಿಲೋಗೆ 0.02 ವಾಟ್. ಪ್ರಕ್ಷುಬ್ಧ ಹರಿವಿನಲ್ಲಿ ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಯಾಗುತ್ತದೆ, ಅದು ಒಡೆದು ಇನ್ನೂ ಚಿಕ್ಕದಾಗುತ್ತದೆ. ಕೊನೆಗೆ ದ್ರವದ ಸ್ನಿಗ್ಧತೆ ಆ ಚಲನೆಯನ್ನೆಲ್ಲ ಶಾಖವಾಗಿ ನುಂಗಿಬಿಡುತ್ತದೆ. ಆ ಕೊನೆಯ ಸುಳಿಯ ಅಳತೆಗೆ ಕೊಲ್ಮೊಗೊರೊವ್ ಅಳತೆ ಎನ್ನುತ್ತಾರೆ. 37 ಡಿಗ್ರಿಯ ನೀರಿನಂಥ ಮೀಡಿಯಾಕ್ಕೆ (ಕೋಶಗಳು ಬೆಳೆಯುವ ಪೋಷಕ ದ್ರವಕ್ಕೆ) ಇಲ್ಲಿ ಅದು ಸುಮಾರು 64 ಮೈಕ್ರೋಮೀಟರ್ ಬರುತ್ತದೆ. ಇಂಪೆಲ್ಲರಿನ ತೀರ ಹತ್ತಿರ ಶಕ್ತಿಯ ವ್ಯಯ ಸರಾಸರಿಯ 30 ಪಟ್ಟು ಎಂದು ಹಿಡಿದರೂ 27 ಮೈಕ್ರೋಮೀಟರ್. ಕೋಶದ ವ್ಯಾಸ ಸುಮಾರು 15.

ತನಗಿಂತ ದೊಡ್ಡ ಸುಳಿಯಲ್ಲಿ ಸಿಕ್ಕ ಕೋಶ ಸುಳಿಯ ಜೊತೆಗೇ ಸುತ್ತುತ್ತದೆ, ಸೀಳಿಹೋಗುವುದಿಲ್ಲ. ಸುಳಿ ಕೋಶದಷ್ಟೇ ಚಿಕ್ಕದಾಗಬೇಕಾದರೆ ಘನಮೀಟರಿಗೆ 6,800 ವಾಟ್ ಆಸುಪಾಸು ಬೇಕು, ಅಂದರೆ ಸರಾಸರಿಯ 340 ಪಟ್ಟು. ಶಿಯರ್ ಒತ್ತಡದ ಲೆಕ್ಕವೂ ಅದನ್ನೇ ಹೇಳುತ್ತದೆ. ಇಂಪೆಲ್ಲರಿನ ಬಳಿ ಸುಮಾರು 0.65 ಪ್ಯಾಸ್ಕಲ್, ಟ್ಯಾಂಕಿನ ಸರಾಸರಿ 0.12 ಪ್ಯಾಸ್ಕಲ್. ದ್ರವಕ್ಕೆ ಬೇಕಾದಷ್ಟೇ ಶಿಯರ್ ಕೊಡಬಲ್ಲ ವಿಸ್ಕೋಮೀಟರ್ ಎಂಬ ಉಪಕರಣದಲ್ಲಿ ಹೈಬ್ರಿಡೋಮ ಕೋಶಗಳಿಗೆ ಎದ್ದು ಕಾಣುವ ಹಾನಿಯಾಗಲು ಕೆಲವು ಪ್ಯಾಸ್ಕಲ್‌ಗಳ ಒತ್ತಡ ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಟ್ಯಾಂಕಿನಲ್ಲಿ ಕೋಶ ಅಲಗಿನ ಬಳಿ ಇರುವುದು ಕ್ಷಣಾರ್ಧ.

ಅನುಭವವೂ ಈ ಲೆಕ್ಕದ ಕಡೆಗೇ ಇತ್ತು. ಜಾನುವಾರುಗಳ ಕಾಲುಬಾಯಿ ಜ್ವರದ ಲಸಿಕೆಗಾಗಿ ಬಿಎಚ್‌ಕೆ-21 ಎಂಬ ಹ್ಯಾಮ್‌ಸ್ಟರ್ ಮೂತ್ರಪಿಂಡದ ಕೋಶಗಳನ್ನು ಕಲಕುವ ಟ್ಯಾಂಕುಗಳಲ್ಲಿ ತೇಲಿಸಿ ಬೆಳೆಸುವುದು 1960ರ ದಶಕದಿಂದಲೇ ನಡೆದು ಬಂದಿತ್ತು. ನಮ್ಮ ಹೆಬ್ಬಾಳದ ಐವಿಆರ್‌ಐ (ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ) ಆವರಣಕ್ಕೂ ಈ ಲಸಿಕೆಯ ಕೆಲಸ ಹೊಸದಲ್ಲ. ಆ ಕೋಶಗಳು ಉಕ್ಕಿನ ಅಲಗಿನ ಜೊತೆ ಬದುಕಿದ್ದವು. ಹಾಗಿದ್ದರೆ ಹೈಬ್ರಿಡೋಮಗಳನ್ನು ಕೊಲ್ಲುತ್ತಿದ್ದುದು ಏನು?

ಎರಡನ್ನೂ ಬೇರ್ಪಡಿಸಿದ ಪ್ರಯೋಗ

1990ರಲ್ಲಿ ಕುನಾಸ್ ಮತ್ತು ಪಾಪೌಟ್ಸಾಕಿಸ್ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಪ್ರಕರಣದ ಹೃದಯ. ಅವರು ಕಲಕುವಿಕೆಯನ್ನು ಹಾಗೆಯೇ ಇಟ್ಟು ಗುಳ್ಳೆಯನ್ನು ಮಾತ್ರ ತೆಗೆದರು. ಸಾಮಾನ್ಯವಾಗಿ ರಿಯಾಕ್ಟರಿನ ಮೇಲ್ಭಾಗದಲ್ಲಿ ಗಾಳಿಗೆಂದು ಜಾಗ ಬಿಟ್ಟಿರುತ್ತಾರೆ. ಅಲಗು ಜೋರಾಗಿ ತಿರುಗಿದಾಗ ನಡುವೆ ಗುಂಡಿ ಬಿದ್ದಂತೆ ಸುಳಿಯೇಳುತ್ತದೆ, ಅದರ ಮೂಲಕ ಮೇಲಿನ ಗಾಳಿ ನುಣ್ಣನೆಯ ಗುಳ್ಳೆಗಳಾಗಿ ದ್ರವದೊಳಗೆ ಸೆಳೆದುಕೊಳ್ಳುತ್ತದೆ. ಆ ಗಾಳಿಯ ಜಾಗವನ್ನೇ ಇಲ್ಲವಾಗಿಸಿದಾಗ ಅದೇ ಹೈಬ್ರಿಡೋಮ ಕೋಶಗಳು ನಿಮಿಷಕ್ಕೆ 600 ಸುತ್ತಿನಂಥ ವೇಗವನ್ನೂ ತಾಳಿಕೊಂಡವು. 700 ಸುತ್ತು ದಾಟಿದ ಮೇಲೆ, ಅಂದರೆ ಸುಳಿಗಳು ಕೋಶದ ಗಾತ್ರಕ್ಕೆ ಇಳಿದ ಮೇಲಷ್ಟೇ, ದ್ರವದ ಹರಿವಿನಿಂದಲೇ ಹಾನಿ ಶುರುವಾಯಿತು. ಗಾಳಿ ಸೇರಿಕೊಳ್ಳುವ ಸ್ಥಿತಿಯಲ್ಲಿ ಇದಕ್ಕಿಂತ ಬಹಳ ಕಡಿಮೆ ವೇಗದಲ್ಲೇ ಕೋಶಗಳು ನರಳುತ್ತಿದ್ದವು.

ವೇಗ ಏರಿಸಿದಾಗ ಕೋಶ ಸಾಯುತ್ತಿದ್ದುದು ದಿಟ. ಆದರೆ ಏರಿದ ವೇಗ ಮೇಲಿನ ಗಾಳಿಯನ್ನು ಒಳಗೆ ಎಳೆದು ತರುತ್ತಿತ್ತು, ಹಾನಿ ಮಾಡುತ್ತಿದ್ದುದು ಆ ಗಾಳಿ.

ಇದೇ ದಿಕ್ಕಿನಲ್ಲಿ ಇನ್ನೊಂದು ಸುಳಿವು ನೆದರ್ಲೆಂಡ್ಸಿನ ವಾಗೆನಿಂಗೆನ್‌ನಿಂದ ಬಂದಿತ್ತು. ಟ್ರಾಂಪರ್ ಮತ್ತು ಸಂಗಡಿಗರು ಕೀಟಕೋಶಗಳನ್ನು ಅಲಗೇ ಇಲ್ಲದ ಗುಳ್ಳೆಸ್ತಂಭಗಳಲ್ಲಿ ಇಟ್ಟು ನೋಡಿದರು. ಅಲ್ಲೂ ಕೋಶಗಳು ಸತ್ತವು. ಸ್ತಂಭದ ಎತ್ತರ ಹೆಚ್ಚಿಸಿದರೆ ಸಾವಿನ ದರ ಕಡಿಮೆಯಾಯಿತು. ಈ ಒಂದು ಅವಲೋಕನದಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ ನೋಡಿ. ಗುಳ್ಳೆ ಮೇಲೇರುವ ದಾರಿಯುದ್ದಕ್ಕೂ ಕೋಶಗಳನ್ನು ಕೊಲ್ಲುತ್ತಿದ್ದರೆ, ಎತ್ತರದ ಸ್ತಂಭದಲ್ಲಿ ದಾರಿ ಉದ್ದವಾದಷ್ಟೂ ಸಾವೂ ಹೆಚ್ಚಬೇಕಿತ್ತು. ಕೋಶಗಳ ಸಂಖ್ಯೆಯೂ ಅಷ್ಟೇ ಹೆಚ್ಚಿರುವುದರಿಂದ ದರ ಬದಲಾಗದೆ ಉಳಿಯಬೇಕಿತ್ತು. ಹಾಗಾಗಲಿಲ್ಲ. ಎಂದರೆ ಕೊಲೆ ನಡೆಯುವುದು ದಾರಿಯಲ್ಲಲ್ಲ, ತುದಿಯಲ್ಲಿ. ಗುಳ್ಳೆ ಹುಟ್ಟುವ ತಳದಲ್ಲಿ ಅಥವಾ ಒಡೆಯುವ ಮೇಲ್ಮೈಯಲ್ಲಿ.

ಆ ಎರಡರಲ್ಲಿ ಯಾವುದು? ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಹಂಡಾ-ಕೊರಿಗನ್, ಎಮರಿ ಮತ್ತು ಸ್ಪಯರ್ 1989ರಲ್ಲಿ ಪ್ರಕಟಿಸಿದ ಕೆಲಸ ಮೇಲ್ಮೈಯತ್ತ ಕೈ ತೋರಿಸಿತು. ಗುಳ್ಳೆಗಳು ಮೇಲೆ ಬಂದು ಪಟಪಟನೆ ಒಡೆಯುವ ಜಾಗದಲ್ಲಿ ಕೋಶಗಳಿಗೆ ಹಾನಿ ಹೆಚ್ಚು.

ಒಡೆಯುವ ಆ ಮಿಲಿಸೆಕೆಂಡು

ಮೇಲ್ಮೈಗೆ ಬಂದ ಗುಳ್ಳೆಯ ನೆತ್ತಿಯ ಮೇಲೆ ತೆಳ್ಳನೆಯ ದ್ರವಪೊರೆ ನಿಂತಿರುತ್ತದೆ. ಅದರಿಂದ ದ್ರವ ಇಳಿದು ಪೊರೆ ತೆಳುವಾಗುತ್ತ ಹೋಗಿ ಒಂದು ಕಡೆ ತೂತಾಗುತ್ತದೆ. ತೂತಿನ ಅಂಚನ್ನು ಮೇಲ್ಮೈ ಎಳೆತ ಹಿಂದಕ್ಕೆ ಸೆಳೆಯುತ್ತದೆ. ಪೊರೆ 5 ಮೈಕ್ರೋಮೀಟರ್ ದಪ್ಪವಿದ್ದರೆ ಆ ಅಂಚು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಓಡುತ್ತದೆ. ಈಗ ತೆರೆದ ಗುಳಿಯ ಗೋಡೆಯ ಮೇಲಿನ ದ್ರವ ನಾಲ್ಕೂ ಕಡೆಯಿಂದ ಜಾರಿ ತಳದಲ್ಲಿ ಡಿಕ್ಕಿಯಾಗಿ, ಒಂದು ಸಣ್ಣ ಕಾರಂಜಿ ನೆಟ್ಟಗೆ ಮೇಲೆ ಚಿಮ್ಮುತ್ತದೆ, ಇನ್ನೊಂದು ಕೆಳಗೆ ನುಗ್ಗುತ್ತದೆ. ಗೋಲಿಸೋಡಾ ಬಗ್ಗಿಸಿದ ಲೋಟಕ್ಕೆ ಮುಖವೊಡ್ಡಿದಾಗ ಮೂಗಿಗೆ ಸಿಡಿಯುವ ಹನಿಗಳು ಹುಟ್ಟುವುದು ಇದೇ ಕಾರಂಜಿಯಿಂದ. ಎಲ್ಲವೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಇಷ್ಟು ಚಿಕ್ಕ ಜಾಗದಲ್ಲಿ, ಇಷ್ಟು ಚಿಕ್ಕ ಹೊತ್ತಿನಲ್ಲಿ ಶಕ್ತಿ ಬಿಡುಗಡೆಯಾಗುವಾಗ ಅದರ ಸಾಂದ್ರತೆ ಊಹೆ ಮೀರುತ್ತದೆ. 1990ರ ದಶಕದ ಮೊದಲ ವರ್ಷಗಳ ಕಂಪ್ಯೂಟರ್ ಲೆಕ್ಕಾಚಾರಗಳ ಪ್ರಕಾರ 0.77 ಮಿಲಿಮೀಟರಿನ ಗುಳ್ಳೆ ಒಡೆದಾಗ ಗರಿಷ್ಠ ಶಕ್ತಿವ್ಯಯ ಘನಮೀಟರಿಗೆ ಸುಮಾರು 10 ಕೋಟಿ ವಾಟ್. ಇಂಪೆಲ್ಲರಿನ 20 ವಾಟ್ ಸರಾಸರಿಯ ಪಕ್ಕದಲ್ಲಿ ಇಟ್ಟರೆ 50 ಲಕ್ಷ ಪಟ್ಟು. 6 ಮಿಲಿಮೀಟರ್ ಮೀರಿದ ದೊಡ್ಡ ಗುಳ್ಳೆಗೆ ಇದು ಹತ್ತಾರು ಸಾವಿರ ವಾಟ್‌ಗೆ ಇಳಿಯುತ್ತದೆ. ಸಣ್ಣ ಗುಳ್ಳೆ ನಿರುಪದ್ರವಿ ಎಂದು ತೋರುತ್ತದೆ, ಆದರೆ ಅದೇ ಹೆಚ್ಚು ಕ್ರೂರವಾಗಿ ಒಡೆಯುತ್ತದೆ.

ಮೇಲ್ಮೈಯಲ್ಲಿ ಯಾವ ಕ್ಷಣಕ್ಕೂ ಇರುವ ಕೋಶಗಳು ಎಷ್ಟೋ ಕಡಿಮೆಯಲ್ಲವೇ ಎಂದು ಕೇಳಬಹುದು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಚಾಮರ್ಸ್ ಅವರ ತಂಡ ಇದಕ್ಕೂ ಉತ್ತರ ಕೊಟ್ಟಿತು. 1994ರಲ್ಲಿ ಅವರು ಒಂದೊಂದು ಗುಳ್ಳೆಯನ್ನೂ ಎಣಿಸಿ ಒಡೆಸಿ ಕೀಟಕೋಶಗಳ ಸಾವು ಅಳೆದರು. 3.5 ಮಿಲಿಮೀಟರಿನ ಒಂದು ಗುಳ್ಳೆ ಒಡೆದರೆ ಸುಮಾರು 1,050 ಕೋಶಗಳು ಸತ್ತವು. ಮೇಲೆ ಚಿಮ್ಮಿದ ಕಾರಂಜಿಯಲ್ಲೇ ಹೆಚ್ಚುಕಡಿಮೆ ಅಷ್ಟು ಸತ್ತ ಕೋಶಗಳು ಸಿಕ್ಕವು. ರಕ್ಷಕ ದ್ರವ್ಯವಿಲ್ಲದ ಮೀಡಿಯಾದಲ್ಲಿ ಆ ಕಾರಂಜಿಯ ಕೋಶಸಾಂದ್ರತೆ ಸುತ್ತಲಿನ ದ್ರವದ ಎರಡು ಪಟ್ಟಿತ್ತು. ಏಕೆಂದರೆ ಕೋಶಗಳು ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆ ಮೇಲೇರುತ್ತ ಅವುಗಳನ್ನು ಬಾಚಿಕೊಂಡು, ನೇರ ಒಡೆಯುವ ಜಾಗಕ್ಕೇ ಒಯ್ದು ಒಪ್ಪಿಸುತ್ತದೆ.

ಆ ಅಂಕಿಯನ್ನು ಟ್ಯಾಂಕಿಗೆ ಹಚ್ಚಿ ನೋಡಿ. 3.5 ಮಿಲಿಮೀಟರಿನ ಗುಳ್ಳೆಗಳಾದರೆ ಒಂದು ಲೀಟರ್ ಅನಿಲದಲ್ಲಿ ಸುಮಾರು 44,500 ಗುಳ್ಳೆಗಳು. ಒಂದು ಲೀಟರ್ ಕೃಷಿಯಲ್ಲಿ 100 ಕೋಟಿ ಕೋಶಗಳಿವೆ, ನಿಮಿಷಕ್ಕೆ 50 ಮಿಲಿಲೀಟರ್ ಗಾಳಿ ಊದುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಗಂಟೆಗೆ 3 ಲೀಟರ್ ಅನಿಲ, 1.3 ಲಕ್ಷ ಗುಳ್ಳೆ, 14 ಕೋಟಿ ಸಾವು. ಅಂದರೆ ಗಂಟೆಗೆ ನೂರಕ್ಕೆ ಹದಿನಾಲ್ಕು. ದಿನಕ್ಕೊಮ್ಮೆ ಇಮ್ಮಡಿಯಾಗುವ ಕೋಶ ಗಂಟೆಗೆ ಬೆಳೆಯುವುದು ನೂರಕ್ಕೆ ಮೂರರಷ್ಟು. ಇದು ಒರಟು ಲೆಕ್ಕ. ಕೋಶದ ಜಾತಿ, ಸಾಂದ್ರತೆ, ಮೀಡಿಯಾ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಆದರೂ ಟ್ಯಾಂಕುಗಳು ಏಕೆ ಸೋಲುತ್ತಿದ್ದವು ಎಂಬುದು ಇದರಲ್ಲಿ ಕಾಣುತ್ತದೆ.

ಒಂದು ಲೀಟರಿಗೆ ಒಂದು ಗ್ರಾಂ

ಪರಿಹಾರ ಮಾತ್ರ ಆಶ್ಚರ್ಯವೆನಿಸುವಷ್ಟು ಸರಳ. ಪ್ಲೂರೋನಿಕ್ ಎಫ್-68, ಅಂದರೆ ಪೊಲೊಕ್ಸಾಮರ್ 188. ನೀರಿಗೊಲಿಯುವ ಎರಡು ಉದ್ದ ಸರಪಳಿಗಳ ನಡುವೆ ನೀರೊಲ್ಲದ ಒಂದು ತುಂಡು ಕೂತಿರುವ, ಸುಮಾರು 8,400 ಅಣುತೂಕದ ಪಾಲಿಮರ್. ಅಲುಗಾಡುವ ಕೃಷಿಯಲ್ಲಿ ಇದು ಕೋಶಗಳಿಗೆ ಒಳ್ಳೆಯದೆಂದು ಸ್ವಿಮ್ ಮತ್ತು ಪಾರ್ಕರ್ 1960ರಲ್ಲೇ ಬರೆದಿದ್ದರು. ಏಕೆ ಎಂಬುದು ತಿಳಿದದ್ದು ಗುಳ್ಳೆಯ ಕಥೆ ಬಿಚ್ಚಿಕೊಂಡ ಮೇಲೆ. ಲೀಟರಿಗೆ ಒಂದು ಗ್ರಾಂನಷ್ಟು ಹಾಕಿದರೆ ಇದು ಗುಳ್ಳೆಯ ಮೈಯನ್ನು ಬೇಗ ಆವರಿಸಿಕೊಳ್ಳುತ್ತದೆ, ಕೋಶಕ್ಕೆ ಅಂಟಿಕೊಳ್ಳಲು ಜಾಗ ಉಳಿಯುವುದಿಲ್ಲ. ಗುಳ್ಳೆ ಒಡೆಯುತ್ತದೆ, ಅಷ್ಟೇ ರಭಸದಿಂದ. ಆ ಹೊತ್ತಿಗೆ ಕೋಶಗಳು ಅಲ್ಲಿರುವುದಿಲ್ಲ. ಕೋಶಪೊರೆಯ ಮೇಲೂ ಇದರ ಪ್ರಭಾವವಿದೆ ಎಂದು ತೋರಿಸಿದ ಕೆಲಸಗಳಿವೆ, ಆದರೆ ಅಂಟು ಬಿಡಿಸುವುದೇ ಮುಖ್ಯ ಎಂಬುದು ನನ್ನ ಓದಿನ ತೀರ್ಮಾನ.

ಅಲ್ಲಿಯವರೆಗೆ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದುದು ಮೀಡಿಯಾಕ್ಕೆ ಸೇರಿಸುತ್ತಿದ್ದ ಕರುವಿನ ಸೀರಮ್. ಖರ್ಚು ಮತ್ತು ಸೋಂಕಿನ ಭಯದಿಂದ ಸೀರಮ್ ತೆಗೆದಾಗ ಅದರ ಪ್ರೋಟೀನುಗಳ ರಕ್ಷಣೆಯೂ ಹೋಯಿತು, ತೊಂದರೆ ಬಟಾಬಯಲಾಯಿತು.

ಹಳೆಯ ಭಯದ ಬೆಲೆ

ಇಷ್ಟಾದ ಮೇಲೂ ಮೆಲ್ಲಗೆ ಕಲಕಬೇಕು ಎಂಬ ನಂಬಿಕೆ ಕಾರ್ಖಾನೆಗಳಲ್ಲಿ ಬಹುಕಾಲ ಉಳಿಯಿತು. ನನಗೆ ಬೇಸರ ತರಿಸುವುದು ಇದೇ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆಲ್ವಿನ್ ನೀನೋ ಮತ್ತು ಸಂಗಡಿಗರು 1990ರ ದಶಕದಲ್ಲಿ 8 ಘನಮೀಟರಿನ ಪ್ರಾಣಿಕೋಶ ರಿಯಾಕ್ಟರನ್ನು ಅಭ್ಯಾಸ ಮಾಡಿದಾಗ, ಮಂದ ಕಲಕುವಿಕೆಯಿಂದ ಬೇರೆಯೇ ಹಾನಿ ಆಗುತ್ತಿರುವುದು ಕಂಡಿತು. ಪಿಎಚ್ ಸರಿಪಡಿಸಲು ಮೇಲಿನಿಂದ ಸುರಿದ ಕ್ಷಾರ ಬೇಗ ಬೆರೆಯದೆ, ಸುರಿದ ಜಾಗದಲ್ಲೇ ಪಿಎಚ್ ಏರಿ ಕೋಶಗಳನ್ನು ಸುಡುತ್ತದೆ. ಅಲಗಿನಿಂದ ಕಾಪಾಡಲು ಹೋಗಿ ಕ್ಷಾರದ ಬಾಯಿಗೆ ಕೊಟ್ಟಂತೆ. ಕ್ಷಾರವನ್ನು ಇಂಪೆಲ್ಲರಿನ ಹತ್ತಿರ ಬಿಟ್ಟು, ಇನ್ನಷ್ಟು ಜೋರಾಗಿ ಕಲಕುವುದು ಇದಕ್ಕೆ ಮದ್ದು.

ಇಂಗಾಲದ ಡೈಆಕ್ಸೈಡಿನದು ಇನ್ನೊಂದು ಗೋಳು. ಕೋಶಗಳು ಉಸಿರಾಡಿ ಬಿಟ್ಟ ಈ ಅನಿಲವನ್ನು ಹೊರಗೆ ಒಯ್ಯುವುದೂ ಗುಳ್ಳೆಗಳೇ. ದೇಹದಲ್ಲಿ ಅದರ ಆಂಶಿಕ ಒತ್ತಡ 40 ಮಿಲಿಮೀಟರ್ ಪಾದರಸದ ಆಸುಪಾಸು. ಎತ್ತರದ ದೊಡ್ಡ ಟ್ಯಾಂಕಿನಲ್ಲಿ 100 ದಾಟುವುದುಂಟು. ಕಡಿಮೆ ಅನಿಲದಲ್ಲಿ ಹೆಚ್ಚು ಆಮ್ಲಜನಕ ಕೊಡೋಣವೆಂದು ಸೂಕ್ಷ್ಮ ರಂಧ್ರದ ಸ್ಪಾರ್ಜರ್ ಹಾಕಿ ಶುದ್ಧ ಆಮ್ಲಜನಕ ಬಿಟ್ಟರೆ, ಆ ಸಣ್ಣ ಗುಳ್ಳೆಗಳು ಡೈಆಕ್ಸೈಡಿನಿಂದ ಬೇಗ ತುಂಬಿ ಮತ್ತೆ ಹೊರಲಾರವು. ಒಡೆಯುವಾಗ ಕ್ರೂರವಾಗಿಯೂ ಒಡೆಯುತ್ತವೆ, ನೊರೆಯನ್ನೂ ಕಟ್ಟುತ್ತವೆ. ದೊಡ್ಡ ಗುಳ್ಳೆ ಮೃದುವಾಗಿ ಒಡೆಯುತ್ತದೆ, ಡೈಆಕ್ಸೈಡನ್ನು ಚೆನ್ನಾಗಿ ಹೊರುತ್ತದೆ, ಆಮ್ಲಜನಕ ಮಾತ್ರ ಜಿಪುಣತನದಿಂದ ಕೊಡುತ್ತದೆ. ಇವೆರಡರ ನಡುವೆ ಹದ ಹಿಡಿಯುವುದೇ ಸ್ಪಾರ್ಜರ್ ಆಯ್ಕೆಯ ಕಷ್ಟ.

ಸಾಯದಿದ್ದರೂ ಕೋಶ ಬದಲಾಗಬಹುದು ಎಂಬುದನ್ನೂ ಮರೆಯುವಂತಿಲ್ಲ. ಚಾಮರ್ಸ್ ತಂಡವೇ 2009ರಲ್ಲಿ ತೋರಿಸಿದಂತೆ, ಸಿಎಚ್‌ಒ ಎಂಬ ಚೀನೀ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳನ್ನು ಘನಮೀಟರಿಗೆ ಸುಮಾರು 60,000 ವಾಟ್‌ನ ಶಕ್ತಿವ್ಯಯಕ್ಕೆ ಮತ್ತೆ ಮತ್ತೆ ಒಡ್ಡಿದಾಗ, ಅವು ಬದುಕಿ ಬೆಳೆದರೂ ಪ್ರತಿಕಾಯದ ಮೇಲಿನ ಸಕ್ಕರೆ ಸರಪಳಿಗಳ ಸ್ವರೂಪ ಬದಲಾಯಿತು. ಮೂಲ ಔಷಧಿಗೆ ಹೋಲುವ ಪ್ರತಿಕಾಯ ತಯಾರಿಸುವವರಿಗೆ ಆ ಸರಪಳಿಗಳು ಬಹಳ ಮುಖ್ಯ. 2006ರಿಂದಲೇ ಮೊನೊಕ್ಲೋನಲ್ (ಒಂದೇ ಬಗೆಯ) ಪ್ರತಿಕಾಯದ ಔಷಧಿ ಹೊರತರುತ್ತಿರುವ ಬೆಂಗಳೂರಿನಂಥ ಊರಿನಲ್ಲಿ ಈ ವಿಷಯ ಪಠ್ಯಪುಸ್ತಕಕ್ಕಷ್ಟೇ ಸೇರಿದ್ದಲ್ಲ.

ಪೊಲೊಕ್ಸಾಮರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಬ್ಯಾಚಿನದು ಕಾಪಾಡುತ್ತದೆ, ಅದೇ ತಯಾರಕರ ಇನ್ನೊಂದು ಬ್ಯಾಚಿನದು ಕೈಕೊಡುತ್ತದೆ. ಸಾಮಾನ್ಯ ಪರೀಕ್ಷೆಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಅನೇಕ ಕಡೆ ಹೊಸ ಬ್ಯಾಚು ಬಂದೊಡನೆ ತಡೆಗಳಿರುವ ಫ್ಲಾಸ್ಕಿನಲ್ಲಿ ಕೋಶಗಳನ್ನು ಹಾಕಿ ಜೋರಾಗಿ ಕುಲುಕಿ, ಗುಳ್ಳೆಯೆಬ್ಬಿಸಿ, ಎಷ್ಟು ಬದುಕಿವೆ ಎಂದು ನೋಡಿಯೇ ಟ್ಯಾಂಕಿಗೆ ಬಿಡುತ್ತಾರೆ. ಕೋಶವನ್ನೇ ಸಾಕ್ಷಿಯಾಗಿ ಕೇಳುವ ಈ ಪರೀಕ್ಷೆಯಷ್ಟು ನಂಬಿಕೆ ನನಗೆ ಬೇರೆ ಯಾವುದರ ಮೇಲೂ ಇಲ್ಲ.

ಮಣಿಗಳ ಮೇಲೆ ಬೆಳೆಯುವ ಕೋಶಗಳ ವಿಚಾರ ಇಂದಿಗೂ ಬೇರೆಯೇ. ಕಾಂಡಕೋಶ ಚಿಕಿತ್ಸೆಗಾಗಿ ಮೀಸೆಂಕೈಮಲ್ ಎಂಬ ಬಗೆಯ ಕಾಂಡಕೋಶಗಳನ್ನು ಹೀಗೆ ಬೆಳೆಸುತ್ತಾರೆ. ಮಣಿಯ ವ್ಯಾಸ 150ರಿಂದ 200 ಮೈಕ್ರೋಮೀಟರ್. ಟ್ಯಾಂಕಿನ ಸುಳಿಗಳು ಅದಕ್ಕಿಂತ ಚಿಕ್ಕವು, ಆದ್ದರಿಂದ ಅವು ಮಣಿಯ ಮೈಯನ್ನು ಕೆರೆಯಬಲ್ಲವು, ಮಣಿಗೆ ಮಣಿ ತಾಗಿಸಬಲ್ಲವು. ಇಲ್ಲಿ ಅಲಗಿಗೆ ಹೆದರುವುದರಲ್ಲಿ ಅರ್ಥವಿದೆ, ಮಣಿಗಳು ತಳದಿಂದ ಎದ್ದು ತೇಲುವಷ್ಟೇ ವೇಗ ಇಡುತ್ತಾರೆ. ಆದರೆ ಬೆಳೆದ ಕೋಶಗಳನ್ನು ಮಣಿಯಿಂದ ಬಿಡಿಸಿಕೊಳ್ಳುವಾಗ ನೀನೋ, ರಫೀಕ್, ಕೂಪ್ಮನ್ ಮತ್ತು ಹೆವಿಟ್ 2014ರಲ್ಲಿ ಮಾಡಿದ್ದು ಇದರ ತದ್ವಿರುದ್ಧ. ಅಂಟು ಸಡಿಲಿಸುವ ಕಿಣ್ವ ಹಾಕಿ, ಕೆಲವೇ ನಿಮಿಷ ವೇಗವನ್ನು ಬೇಕೆಂದೇ ಹಲವು ಪಟ್ಟು ಏರಿಸಿದರು. ಮಣಿಯ ಮೇಲಿದ್ದಷ್ಟು ಹೊತ್ತು ಕೋಶಕ್ಕೆ ಆ ಸುಳಿಗಳ ಎಳೆತ ತಗಲುತ್ತದೆ, ಅದೇ ಎಳೆತ ಅದನ್ನು ಮಣಿಯಿಂದ ಕಿತ್ತು ಬಿಡಿಸುತ್ತದೆ. ಬಿಡಿಸಿಕೊಂಡ ಮರುಕ್ಷಣ ಅದು ಸುತ್ತಲಿನ ಸುಳಿಗಳಿಗಿಂತ ಚಿಕ್ಕದಾದ ಒಂಟಿ ಕೋಶ, ಅದೇ ವೇಗ ಅದಕ್ಕೆ ಏನೂ ಮಾಡುವುದಿಲ್ಲ. ಕೋಶಗಳು ಜೀವಂತವಾಗಿ ಕೈಸೇರಿದವು, ತಮ್ಮ ಗುಣಗಳನ್ನೂ ಉಳಿಸಿಕೊಂಡಿದ್ದವು.